ಶಬ್ದದ ಬಾಲ

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎನ್ನುತ್ತಿದ್ದರು. ಯಾರಾದರೂ ಹೆಸರು ಹಿಡಿದು ಕರೆದರೆ ಅವಳೇ ಒಂದು ಗಳಿಗೆ ತಡೆದು, ಬೇರೆ ಯಾರನ್ನೋ ಕರೆದರು ಎಂಬಂತೆ ಸುತ್ತ ನೋಡುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಒಂದೇ. ಭಟ್ಟಿಯಲ್ಲಿ ಬೆಂದು ಬಂದ ಬಟ್ಟಲನ್ನು ಎಡಗೈಯ ಮೂರು ಬೆರಳ ಮೇಲೆ ಎತ್ತಿ ಹಿಡಿದು, ಗೇಣುದ್ದದ ಮರದ ಕೋಲಿನಿಂದ ಅಂಚಿಗೆ ಮೆಲ್ಲಗೆ ತಟ್ಟುವುದು. ಟಿಣ್ ಎಂದರೆ ಬಲಕ್ಕೆ, ಹಲಗೆಯ ಮೇಲೆ. ಟಪ್ ಎಂದರೆ ಎಡಕ್ಕೆ, ಒಡಕಿನ ತೊಟ್ಟಿಗೆ. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕು ಅವಳ ಕಿವಿಗೆ ಕೇಳುತ್ತಿತ್ತು. ದಿನಕ್ಕೆ ಎರಡು ಸಾವಿರ ಬಟ್ಟಲು ಅವಳ ಬೆರಳ ಮೇಲೆ ಕೂತು, ಒಂದು ಮಾತಾಡಿ, ಇಳಿದು ಹೋಗುತ್ತಿದ್ದವು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಮಗೆ ದೊಣ್ಣೆ ಯಾಕೆ, ಕಿವಿಯಕ್ಕನ ಕಡ್ಡಿ ಸಾಕು," ಎಂದು ಭಟ್ಟಿಯವನು ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದ.

"ಚೆನ್ನಾಗಿ ಬೇಯಿಸು, ಕಡ್ಡಿ ತಾನೇ ಹೊಗಳುತ್ತೆ," ಎಂದು ಅವಳು ತಲೆ ಎತ್ತದೆಯೇ ಅನ್ನುತ್ತಿದ್ದಳು.

ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವುದೂ ಅವಳ ಪಾಲಿಗೇ. ಮೊದಲ ದಿನ ಎಲ್ಲರೂ ಮಾಡುವ ತಪ್ಪು ಒಂದೇ. ಇಡೀ ಬೆಳಿಗ್ಗೆ ತೆಳು ಬಟ್ಟಲುಗಳ ಟಿಣ್ ಟಿಣ್ ಕೇಳಿ ಕೇಳಿ, ಊಟದ ಹೊತ್ತಿಗೆ ಮೊಣಕಾಲೆತ್ತರದ ಭರಣಿ ಒಂದು ಎದುರಾದಾಗ ಅದನ್ನು ತಟ್ಟಿ, ದೊಂ ಎಂಬ ಸದ್ದಿಗೆ ಹೆದರಿ ಒಡಕಿನ ಕಡೆಗೆ ಸರಿಸಿಬಿಡುವುದು. ಆಗ ಕಿವಿಯಕ್ಕ ಭರಣಿಯನ್ನು ಮತ್ತೆ ಎಳೆದು ನಡುವೆ ನಿಲ್ಲಿಸುತ್ತಿದ್ದಳು.

"ದಪ್ಪಗೆ ಕೇಳಿಸ್ತು ಅಂತ ಒಡೆದಿದೆ ಅನ್ಬೇಡ. ದಪ್ಪ ಇರೋದು ದಪ್ಪಗೇ ಮಾತಾಡುತ್ತೆ. ಶಬ್ದದ ತಲೆ ನೋಡ್ಬೇಡ, ಬಾಲ ನೋಡು. ಬಾಲ ಇದ್ರೆ ಜೀವ ಇದೆ."

ತಟ್ಟಿ, ಉಸಿರು ಬಿಗಿಹಿಡಿದು ಕಾಯಬೇಕು. ದೊಂ ಎಂದದ್ದು ಸಣ್ಣಗೆ ಎಳೆಯುತ್ತ, ಗೋಡೆಯವರೆಗೆ ಹೋಗಿ ಅಲ್ಲಿ ಕರಗಬೇಕು. ಬಿರುಕು ಬಿಟ್ಟದ್ದಕ್ಕೆ ಬಾಲವಿಲ್ಲ. ಬಾಯಿ ತೆರೆದ ಕಡೆಯೇ ಸದ್ದು ಬಿದ್ದುಹೋಗುತ್ತದೆ.

ಐವತ್ತು ದಾಟಿದ ಮೇಲೆ ಅವಳ ಮೈ ಭಾರವಾಯಿತು. ಕೂತು ಮಾಡುವ ಕೆಲಸ, ಅದರ ಹಿಂದೆಯೇ ಬಂದ ಬಲಗಾಲಿನ ಮಂಡಿನೋವು. ಕಾರ್ಖಾನೆಯ ಹೊರಗೋಡೆಗೆ ಆನಿಸಿದಂತೆ ಒಂದು ಕಬ್ಬಿಣದ ಮೆಟ್ಟಿಲು, ಇಪ್ಪತ್ತೆರಡು ಹೆಜ್ಜೆ. ಮೇಲೆ ಪ್ಯಾಕಿಂಗ್ ಕೋಣೆ. ಮೊದಲೆಲ್ಲ ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗಿ ಪ್ಯಾಕಿಂಗ್ ಹೆಂಗಸರ ಜೊತೆ ಹರಟುತ್ತ ಉಣ್ಣುತ್ತಿದ್ದಳು. ಎರಡು ವರ್ಷದಿಂದ ಅದೂ ನಿಂತಿತ್ತು. ಅವಳು ತಟ್ಟಿ ಕಳಿಸಿದ ಬಟ್ಟಲುಗಳು ಮಾತ್ರ ಸರಕಿನ ಲಿಫ್ಟಿನಲ್ಲಿ ಮೇಲಕ್ಕೆ ಹೋಗುತ್ತಿದ್ದವು. ಆ ಲಿಫ್ಟಿಗೆ ಮನುಷ್ಯರು ಹತ್ತುವಂತಿಲ್ಲ.

ಮಂಡಿಯ ಡಾಕ್ಟರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇದು ಸವೆದಿರೋದಕ್ಕಿಂತ ಜಾಸ್ತಿ ತುಕ್ಕು ಹಿಡಿದಿದೆ. ನಡೀರಿ. ದಿನಾ ಮುಕ್ಕಾಲು ಗಂಟೆ," ಎಂದಿದ್ದರು. ಅವಳು ಮೂರು ದಿನ ನಡೆದಳು, ನಾಲ್ಕನೆಯ ದಿನ ಬಿಟ್ಟಳು. ನೋವು ಎಂದಳು, ಪುರುಸೊತ್ತಿಲ್ಲ ಎಂದಳು. ಎರಡೂ ಸುಳ್ಳಲ್ಲ. ಆದರೆ ಮನೆಯ ಹಿಂದಿನ ಓಣಿಯಲ್ಲಿ ಎರಡೂ ಕಡೆ ಎತ್ತರದ ಗೋಡೆ. ಬೆಳಗಿನ ಹೊತ್ತು ಅಲ್ಲಿ ನಡೆದರೆ ತನ್ನ ಹೆಜ್ಜೆಯ ಸದ್ದು ಗೋಡೆಗೆ ಬಡಿದು ತನ್ನ ಕಿವಿಗೇ ವಾಪಸು ಬರುತ್ತಿತ್ತು. ಧಪ್. ಧಪ್. ಧಪ್. ಇಪ್ಪತ್ತಾರು ವರ್ಷ ಅಂಥ ಸದ್ದನ್ನು ಅವಳು ಎಡಕ್ಕೆ ಹಾಕಿದ್ದಳು. ಇದನ್ನು ಯಾರಿಗಾದರೂ ಹೇಳುವುದು ಹೇಗೆ? ಅವಳಿಗೇ ಅದು ಸರಿಯಾಗಿ ತಿಳಿದಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಮೇಸ್ತ್ರಿ ಅವಳ ಮೇಜಿನ ಬಳಿ ಬಂದು ನಿಂತರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಮಾತ್ರ ಕನ್ನಡಕ ಒರೆಸುವ ಅಭ್ಯಾಸ. ಅವತ್ತು ಬಹಳ ಹೊತ್ತು ಒರೆಸಿದರು.

"ಕೆಳಗೆ ಹೊಸ ಭಟ್ಟಿ ಬರುತ್ತೆ ಅಕ್ಕ. ಅದರ ಫ್ಯಾನಿನ ಸದ್ದಿನಲ್ಲಿ ನಿಮಗೆ ಏನೂ ಕೇಳಿಸೋಲ್ಲ. ತಟ್ಟೋ ಮೇಜನ್ನ ಮುಂದಿನ ತಿಂಗಳಿಂದ ಮೇಲೆ ಹಾಕ್ತಾರಂತೆ."

"ಮೇಲೆ ಅಂದ್ರೆ?"

"ಪ್ಯಾಕಿಂಗ್ ಪಕ್ಕದಲ್ಲಿ. ನಿಮಗೆ ಹತ್ತೋಕೆ ಆಗದಿದ್ರೆ ಕೆಳಗೇ ಲೇಬಲ್ ಅಂಟಿಸೋ ಕೆಲಸ ಇದೆ. ಸಂಬಳ ಇದೇ. ಯೋಚ್ನೆ ಮಾಡಿ."

ಲೇಬಲ್ ಅಂಟಿಸಲು ಕಿವಿ ಬೇಡ. ಅಂಟು ಬೇಕು, ಬೆರಳು ಬೇಕು. ಅವಳು ಕೈಯಲ್ಲಿದ್ದ ಬಟ್ಟಲನ್ನು ತಟ್ಟಿದಳು, ಅದು ಏನೆಂದಿತೋ ಕೇಳಿಸಲಿಲ್ಲ, ಇನ್ನೊಮ್ಮೆ ತಟ್ಟಿದಳು.

ತಂಗಿಯ ಮಗಳು ಕಾಲೇಜಿನಲ್ಲಿ ಓದುತ್ತಿದ್ದಳು. ಏನು ಓದುತ್ತಾಳೆಂದು ಮನೆಯಲ್ಲಿ ಯಾರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಮನುಷ್ಯರ ತಲೆಯ ಒಳಗಿನದ್ದು ಎಂದಷ್ಟೇ ಗೊತ್ತು. ಆ ವಾರ ಅವಳು ಒಂದು ಚೀಲದೊಂದಿಗೆ ಬಂದಳು. ಗಟ್ಟಿ ಅಟ್ಟೆಯ ಒಂದು ಜೊತೆ ಚಪ್ಪಲಿ, ಸೊಂಟಕ್ಕೆ ಸಿಕ್ಕಿಸುವ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಕಿವಿಯೊಳಗೆ ಕೂರುವ ಎರಡು ಗುಂಡಿ.

"ದೊಡ್ಡಮ್ಮಾ, ಈ ಪೆಟ್ಟಿಗೇಲಿ ಮೈಕಿದೆ. ನಿನ್ನ ಹೆಜ್ಜೆ ಸದ್ದನ್ನ ಹಿಡಿದು, ಅದರ ಭಾರದ ಪಾಲನ್ನ ತೆಗೆದು, ಸಣ್ಣ ಪಾಲನ್ನ ಮಾತ್ರ ನಿನ್ನ ಕಿವಿಗೆ ಬಿಡುತ್ತೆ. ಮೈ ಎಷ್ಟು ದಪ್ಪ ಅಂತ ತಲೆ ಲೆಕ್ಕ ಹಾಕೋದು ಬರೀ ಕಣ್ಣಿನಿಂದ ಅಲ್ಲ, ಸದ್ದಿನಿಂದಾನೂ. ಸದ್ದು ಹಗುರ ಆದ್ರೆ ಮೈ ಹಗುರ ಅನ್ನಿಸುತ್ತೆ, ನಡೆಯೋಕೆ ಹುಮ್ಮಸ್ಸು ಬರುತ್ತೆ. ನಮ್ಮ ಮೇಡಂ ಅದನ್ನೇ ಪರೀಕ್ಷೆ ಮಾಡ್ತಿದ್ದಾರೆ. ಮೂರು ವಾರ ಹಾಕ್ಕೊಂಡು ನಡಿ."

"ಅಂದ್ರೆ ನನ್ನ ಕಿವಿಗೇ ಟೋಪಿ ಹಾಕೋದು," ಎಂದಳು ಕಿವಿಯಕ್ಕ.

ಅವಳ ಗಂಡ, ಮನೆಗಳಿಗೆ ಬಣ್ಣ ಬಳಿಯುವವನು, ಉಗುರಿನ ಸಂದಿನ ಬಣ್ಣ ಕೆರೆಯುತ್ತ ಕೂತಿದ್ದವನು ನಕ್ಕ. "ಹಾಕಲಿ ಬಿಡು. ಇಷ್ಟು ವರ್ಷ ನಾನು ಹೇಳಿದ ಒಂದು ಸುಳ್ಳನ್ನೂ ಆ ಕಿವಿ ನಂಬಿಲ್ಲ. ಡಬ್ಬಿ ಹೇಳಿದ್ದನ್ನಾದರೂ ನಂಬುತ್ತೋ ನೋಡೋಣ."

ಓಣಿಗಿಳಿದು ಮೊದಲ ಹೆಜ್ಜೆ ಇಟ್ಟಾಗಲೇ ಅವಳಿಗೆ ಗೊತ್ತಾಯಿತು. ಟಕ್. ಟಕ್. ಟಕ್. ಯಾರೋ ತೆಳು ಮೈಯವಳು ಹೊಸ ಚಪ್ಪಲಿ ಮೆಟ್ಟಿ ಪಕ್ಕದಲ್ಲಿ ನಡೆಯುತ್ತಿದ್ದಂತೆ. ಇದು ತನ್ನದಲ್ಲ. ನಿಂತು ಗುಂಡಿ ತೆಗೆದು, "ಇದು ನನ್ನ ಹೆಜ್ಜೆ ಅಲ್ಲ ಕಣೇ," ಎಂದಳು.

"ಅಯ್ಯೋ, ಮೊದಲ ಹೆಜ್ಜೆಗೇ ಗೊತ್ತಾಯ್ತಾ? ಉಳಿದ ಯಾರಿಗೂ ಗೊತ್ತಾಗಲಿಲ್ಲ!" ಹುಡುಗಿಯ ಮುಖ ಬಾಡಿತು. "ಹೋಗ್ಲಿ, ಗೊತ್ತಿದ್ದೇ ನಡಿ. ಆ ಮೂಲೆವರೆಗೆ."

ಗೊತ್ತಿದ್ದೇ ನಡೆದಳು. ಮೂಲೆ ಬಂತು, ಅದನ್ನು ತಿರುಗಿದಳು. ಬಟ್ಟೆ ಒಗೆಯುವ ಅಂಗಡಿ ದಾಟಿದಳು, ಶಾಲೆಯ ಕಾಂಪೌಂಡು ದಾಟಿದಳು, ಸೇತುವೆಯ ಮೇಲೆ ನಿಂತಾಗ ಏದುಸಿರು ಬರುತ್ತಿತ್ತು. ಆದರೆ ಬೆನ್ನು ನೆಟ್ಟಗಿತ್ತು, ಕೈಗಳು ತಾವಾಗಿಯೇ ಬೀಸುತ್ತಿದ್ದವು. ಸೊಂಟದ ಸುತ್ತ ಯಾರೋ ಒಂದು ಗಂಟು ಬಿಚ್ಚಿದ ಹಾಗೆ. ಹಿಂದೆ ಬರುತ್ತಿದ್ದ ಹುಡುಗಿ ಓಡಿ ಬಂದು ಕೈ ಹಿಡಿದಾಗ ಕಿವಿಯಕ್ಕನ ಮುಖದಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. ಗೊತ್ತಿಲ್ಲದೆ ಮೋಸ ಹೋಗುವುದು ಎಲ್ಲರೂ ಮಾಡುವುದೇ. ಗೊತ್ತಿದ್ದೂ ಹೋಗುವುದು ಎಂಥದು?

ನಡೆದು ಬಂದ ಮೇಲೆ ಒಂದು ಹಾಳೆ ತುಂಬಬೇಕಿತ್ತು. ಅದರಲ್ಲಿ ಸಾಲಾಗಿ ಏಳು ಹೆಂಗಸರ ಗೆರೆಚಿತ್ರ, ಕಡ್ಡಿಯಂಥವಳಿಂದ ಕಣಜದಂಥವಳವರೆಗೆ. ಈಗ ನೀವು ಯಾರಂತೆ ಇದ್ದೀರಿ ಅನ್ನಿಸುತ್ತದೆ, ಗುರುತು ಹಾಕಿ. ಹೊರಡುವ ಮೊದಲು ಆರನೆಯವಳಿಗೆ ಗುರುತು ಹಾಕಿದ್ದಳು. ಬಂದ ಮೇಲೆ ಕೈ ನಾಲ್ಕನೆಯವಳ ಮೇಲೆ ಹೋಗಿ ನಿಂತಿತು. ಅವಳು ಪೆನ್ನಿನ ಹಿಂಬದಿಯಿಂದ ಏಳೂ ಜನರನ್ನು ಒಬ್ಬೊಬ್ಬರಾಗಿ ತಟ್ಟಿ ನೋಡಿದಳು. ಎಲ್ಲರೂ ಕಾಗದದ ಸದ್ದನ್ನೇ ಮಾಡಿದರು.

"ಇವರು ಯಾರೂ ಮಾತಾಡಲ್ಲ ಕಣೇ. ಹೇಗೆ ಹೇಳಲಿ?"

"ಅನ್ನಿಸಿದ್ದನ್ನ ಹೇಳು ಸಾಕು."

"ನಾನು ಹಗುರ ಆಗಿದ್ದೀನೋ, ಹಗುರ ಅನ್ನಿಸ್ತಿದೆಯೋ?"

"ದೊಡ್ಡಮ್ಮಾ, ಅದನ್ನೇ ನಮ್ಮ ಮೇಡಮ್ಮೂ ಕೇಳ್ಕೋತಿರೋದು," ಎಂದು ಹುಡುಗಿ ನಾಲ್ಕನೆಯವಳಿಗೆ ತಾನೇ ಗುರುತು ಹಾಕಿ ಹಾಳೆಯನ್ನು ಮಡಚಿಟ್ಟಳು.

ಎರಡು ವಾರ ಕಳೆಯಿತು. ಬೆಳಿಗ್ಗೆ ಓಣಿಯಲ್ಲಿ ಒಂದು ಸುತ್ತು, ಮಧ್ಯಾಹ್ನ ಊಟವಾದ ಮೇಲೆ ಕಾರ್ಖಾನೆಯ ಅಂಗಳದಲ್ಲಿ ಇನ್ನೊಂದು. ಮಂಡಿ ಬೆಳಿಗ್ಗೆ ಎದ್ದಾಗ ಮೊದಲಿನಷ್ಟು ಮುನಿಸಿಕೊಳ್ಳುತ್ತಿರಲಿಲ್ಲ. ಪ್ಯಾಕಿಂಗಿನಲ್ಲಿ ಗಡಿಬಿಡಿ ಎಂದು ಎಲ್ಲರೂ ಕರೆಯುವ ಹೆಂಗಸೊಬ್ಬಳಿದ್ದಳು, ನಿಂತಲ್ಲಿ ನಿಲ್ಲದವಳು. ಅವಳು ಒಂದು ದಿನ ಕೆಳಗಿಳಿದು ಬಂದು, ಕಿವಿಯಕ್ಕನನ್ನು ದಬ್ಬಿಕೊಂಡು ಹೋಗಿ ಅಂಗಳದಲ್ಲಿ ಸರಕು ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದಳು.

"ಕರಗಿದ್ದೀಯ ಕಣಕ್ಕ, ಕಣ್ಣಿಗೇ ಕಾಣುತ್ತೆ! ಇರು, ನೋಡೋಣ... ಏನಿದು, ಮುಳ್ಳು ಹೋದ ತಿಂಗಳು ನಿಂತಲ್ಲೇ ನಿಂತಿದೆ. ಒಂದು ಚೂರೂ ಕಡಿಮೆ ಆಗಿಲ್ಲ."

"ತಕ್ಕಡಿ ಕೆಟ್ಟಿರಬೇಕು."

"ಬೆಳಿಗ್ಗೆ ತಾನೇ ಮಣ್ಣಿನ ಮೂಟೆ ತೂಗಿದ್ವಿ."

ಕಿವಿಯಕ್ಕ ಇಳಿದಳು. ಮಂಡಿ ಒಂದು ಹೇಳುತ್ತದೆ, ಮುಳ್ಳು ಇನ್ನೊಂದು ಹೇಳುತ್ತದೆ, ಕಿವಿ ಮೂರನೆಯದು. ಮೂವರಲ್ಲಿ ಯಾರ ಸಾಕ್ಷಿ ಹಿಡಿಯುವುದು? ಅಂದಿನಿಂದ ಕಿವಿಯ ಗುಂಡಿ ತೆಗೆಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ. ತೆಗೆದ ಕೂಡಲೆ ಹೆಜ್ಜೆ ಮತ್ತೆ ಧಪ್ ಎನ್ನುತ್ತಿತ್ತು, ಅದರೊಂದಿಗೆ ಮೈಯೂ ಕುಸಿಯುತ್ತಿತ್ತು. ಮೂರನೆಯ ವಾರ ಮುಗಿದರೆ ಡಬ್ಬಿ ವಾಪಸು. ಅದೇ ವಾರದ ಕೊನೆಗೆ ಮೇಜು ಮೇಲಕ್ಕೆ. ಮೇಸ್ತ್ರಿ ದಾರಿಯಲ್ಲಿ ಸಿಕ್ಕಾಗಲೆಲ್ಲ, "ಏನು ಯೋಚ್ನೆ ಮಾಡಿದ್ರಿ?" ಎನ್ನುತ್ತಿದ್ದರು. ಅವಳು, "ಮಾಡ್ತಾ ಇದ್ದೀನಿ," ಎನ್ನುತ್ತಿದ್ದಳು. ಕಬ್ಬಿಣದ ಮೆಟ್ಟಿಲಿನ ಹತ್ತಿರ ಮಾತ್ರ ಒಂದು ದಿನವೂ ಹೋಗಿರಲಿಲ್ಲ.

ಆ ಬುಧವಾರ ಊಟದ ನಂತರ ಅಂಗಳದಲ್ಲಿ ನಡೆದು ಬಂದವಳು ಹಾಗೆಯೇ ಮೇಜಿಗೆ ಕೂತಳು. ಕಾರ್ಖಾನೆಯ ಬಟ್ಟೆ ಟೋಪಿ ಕಿವಿಯ ಕೆಳಗಿನವರೆಗೆ ಇಳಿದಿತ್ತು. ಅದರೊಳಗೆ ಗುಂಡಿಗಳು ಕೂತೇ ಇದ್ದವು. ಡಬ್ಬಿ ಸೊಂಟದಲ್ಲಿ, ಮೇಜಿನ ಅಂಚಿಗೆ ತಾಗಿಕೊಂಡು. ಕೋಲೆತ್ತಿ ತಟ್ಟಿದಳು. ಟಿಣ್. ಟಿಣ್. ಟಿಣ್. ಎಂಥ ಬಟ್ಟಲುಗಳು! ಒಂದಕ್ಕಿಂತ ಒಂದು ಚೊಕ್ಕ. ಕೈ ತಡೆಯಿಲ್ಲದೆ ಓಡಿತು. ಮುನ್ನೂರು ಬಟ್ಟಲು ಬಲಗಡೆಯ ಹಲಗೆಗಳನ್ನು ತುಂಬಿ, ಲಿಫ್ಟಿನಲ್ಲಿ ಮೇಲೆ ಹೋದವು. ಒಡಕಿನ ತೊಟ್ಟಿಯ ತಳ ಕಾಣುತ್ತಿತ್ತು.

"ಇವತ್ತು ಏನು ಹಾಕಿ ಬೇಯಿಸಿದೆಯೋ?" ಎಂದು ಭಟ್ಟಿಯವನನ್ನು ಕೂಗಿ ಕೇಳಿದಳು. "ಒಂದೂ ಹೋಗಿಲ್ಲ!"

ಅವನು ಬಾಗಿಲಲ್ಲಿ ನಿಂತು ತೊಟ್ಟಿಯನ್ನೂ ಅವಳನ್ನೂ ನೋಡಿದ. ಇಪ್ಪತ್ತು ವರ್ಷ ಹೊಗಳಿಕೆಗೆ ಕಾದವನಿಗೆ ಅದು ಬಂದಾಗ ನಂಬಿಕೆ ಬರಲಿಲ್ಲ. "ಬೆಳಿಗ್ಗೆ ಭಟ್ಟಿ ಬೇಗ ತೆಗೆದುಬಿಟ್ಟೆ ಅಕ್ಕ. ತಣ್ಣಗಾಗೋ ಮೊದಲೇ. ಅರ್ಧ ಹೋಗುತ್ತೆ ಅಂತ ಬೈಸ್ಕೊಳ್ಳೋಕೆ ರೆಡಿಯಾಗಿ ಬಂದಿದ್ದೆ."

ಅಷ್ಟರಲ್ಲಿ ಮೇಲಿನಿಂದ ಗಡಿಬಿಡಿಯ ಗಂಟಲು. ಹೊಸ ಮಾಲಿನ ಒಂದು ಬಟ್ಟಲಿಗೆ ಚಹಾ ಸುರಿದುಕೊಂಡಿದ್ದಳಂತೆ, ಅದು ಕೈಯಲ್ಲೇ ಎರಡು ಹೋಳಾಗಿ ಚಹಾವೆಲ್ಲ ಮಡಿಲಿಗೆ. "ಕಿವಿಯಕ್ಕ ತಟ್ಟಿದ್ದೇ ಇದು? ನನಗೆ ಮದುವೆಯಾಗಿ ಮಕ್ಕಳಾಗಿರೋದು ಪುಣ್ಯ!" ಎಂದು ಮೆಟ್ಟಿಲ ತುದಿಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದಳು. ಆ ಕೂಗು ಕಿವಿಯಕ್ಕನಿಗೆ ಸೊಳ್ಳೆಯ ದನಿಯಂತೆ ತೆಳ್ಳಗೆ, ಚೂಪಾಗಿ ಕೇಳಿಸಿತು. ಆಗ ಅವಳ ಕೈ ಟೋಪಿಯೊಳಗೆ ಹೋಯಿತು.

ಗುಂಡಿ ತೆಗೆದು, ಮುಂದಿದ್ದ ಬಟ್ಟಲನ್ನು ತಟ್ಟಿದಳು. ಟಪ್.

ತಪ್ಪು ಡಬ್ಬಿಯದು ಎನ್ನಬಹುದಿತ್ತು. ಆದರೆ ಡಬ್ಬಿ ಶಬ್ದದ ತಲೆಯನ್ನಷ್ಟೇ ಹೊಳೆಯಿಸುತ್ತದೆ. ಇಲ್ಲದ ಬಾಲವನ್ನು ಅದು ಎಲ್ಲಿಂದ ತರುತ್ತದೆ? ಆ ಮುನ್ನೂರರಲ್ಲಿ ಒಂದಕ್ಕೂ ಅವಳು ಬಾಲದವರೆಗೆ ಕಾದಿರಲಿಲ್ಲ. ಟಿಣ್ ಎಂದದ್ದೇ ತಡ, ಬಲಕ್ಕೆ. ಹೊಸದಾಗಿ ಸೇರಿದವರ ತಪ್ಪನ್ನೇ ತಿರುವಿಹಾಕಿ ಮಾಡಿದ್ದಳು.

ಮೇಸ್ತ್ರಿ ಬಂದರು. ಕನ್ನಡಕ ಒರೆಸಲಿಲ್ಲ, ಅಂದರೆ ನಿಜವಾಗಿಯೂ ಗಾಬರಿಯಾಗಿದ್ದರು. "ಪರವಾಗಿಲ್ಲ, ಲಾರಿ ಬರೋದು ನಾಳೆ. ಪೂರ್ತಿ ಮಾಲು ಲಿಫ್ಟಲ್ಲಿ ಇಳಿಸ್ತೀನಿ, ಇನ್ನೊಂದು ಸಲ ತಟ್ಟಿಬಿಡಿ."

"ಬೇಡಿ. ಬಿರುಕು ಬಿಟ್ಟಿದ್ದು ಲಿಫ್ಟಿನ ಕುಲುಕಾಟಕ್ಕೆ ಒಡೆದ್ರೆ ಪಕ್ಕದಲ್ಲಿರೋ ಒಳ್ಳೇದನ್ನೂ ಕೆಡಿಸುತ್ತೆ. ಇದ್ದಲ್ಲೇ ನೋಡ್ಬೇಕು."

"ಅಂದ್ರೆ... ನೀವು ಮೇಲೆ..."

ಅವಳು ಡಬ್ಬಿಯನ್ನು ಊಟದ ಚೀಲಕ್ಕೆ ಹಾಕಿ, ಕೋಲನ್ನು ಹಿಡಿದುಕೊಂಡು ಎದ್ದಳು.

ಮೆಟ್ಟಿಲ ಬುಡದಲ್ಲಿ ನಿಂತಾಗ ಬಿಸಿಲಿಗೆ ಕಬ್ಬಿಣ ಕಾದ ವಾಸನೆ ಬರುತ್ತಿತ್ತು. ಪಕ್ಕದ ಕಂಬಿ ಹಿಡಿದು ಎಡಗಾಲನ್ನಿಟ್ಟಳು. ದೊಂ. ಕಾರ್ಖಾನೆಗೆಲ್ಲ ಕೇಳಿಸಿರಬೇಕು ಎನ್ನಿಸಿ ಕಿವಿ ಬಿಸಿಯಾಯಿತು. ಬಲಗಾಲು, ದೊಂ. ಓಣಿಯ ಸದ್ದಿಗಿಂತ ನಾಲ್ಕು ಪಟ್ಟು ದಪ್ಪ. ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು, ಇಳಿದುಬಿಡೋಣ ಎಂದುಕೊಂಡು. ನಿಂತದ್ದರಿಂದ, ಬೇಡವೆಂದರೂ, ಕೊನೆಯ ಹೆಜ್ಜೆಯ ಸದ್ದು ಅವಳಿಗೆ ಪೂರ್ತಿ ಕೇಳಿಸಿತು. ದೊಂ ಎಂದದ್ದು ಕಂಬಿಯೊಳಗೆ ಹೊಕ್ಕು, ಅಂಗೈಯನ್ನು ನವಿರಾಗಿ ನಡುಗಿಸಿ, ಮೇಲಿನ ಮೆಟ್ಟಿಲುಗಳ ಕಡೆ ಎಳೆಯುತ್ತ ಹೋಗಿ, ಎಲ್ಲೋ ತುದಿಯಲ್ಲಿ ಕರಗಿತು.

ಬಾಲವಿತ್ತು.

ಅವಳು ನಾಲ್ಕನೆಯ ಹೆಜ್ಜೆ ಇಟ್ಟು ಮತ್ತೆ ನಿಂತಳು, ಉಸಿರು ಬಿಗಿಹಿಡಿದು. ಇದು ಕಬ್ಬಿಣದ ಬಾಲವೋ, ತನ್ನದೋ? ಕಬ್ಬಿಣದ್ದೇ ಇರಬೇಕು. ಆದರೆ ತಾನು ತುಳಿಯದೆ ಅದು ಹಾಡುವುದಿಲ್ಲವಲ್ಲ. ಓಣಿಯಲ್ಲಿ ಧಪ್ ಎಂದಾಗ ಒಂದು ದಿನವಾದರೂ ನಿಂತು ಕಾದಿದ್ದೆನೇ? ತಲೆ ಕೇಳಿಸಿದ ಕೂಡಲೆ ಎಡಕ್ಕೆ ಹಾಕಿಬಿಟ್ಟಿದ್ದೆನಲ್ಲವೇ? ಮಣ್ಣಿನ ನೆಲಕ್ಕೆ ಬಾಲ ಎಲ್ಲಿಂದ ಬರಬೇಕು? ಕೆಳಗೆ ಮೇಸ್ತ್ರಿ, "ಏನಾಯ್ತು ಅಕ್ಕ, ನೋವಾ?" ಎಂದು ಕೇಳಿದರು.

"ಸುಮ್ನಿರಿ, ಕೇಳಿಸ್ಕೋತಾ ಇದ್ದೀನಿ."

ಹನ್ನೊಂದನೆಯದರಲ್ಲಿ ಮಂಡಿ ಚುಚ್ಚಿತು. ಹದಿನಾರರಲ್ಲಿ ಕೂತುಬಿಡಬೇಕೆನ್ನಿಸಿತು. ಗಡಿಬಿಡಿ ಮೇಲಿನಿಂದ, "ಬಾರಕ್ಕ, ಚಹಾ ಇಟ್ಟಿದ್ದೀನಿ, ಈ ಸಲ ಸ್ಟೀಲ್ ಲೋಟದಲ್ಲಿ!" ಎಂದು ನಗಿಸಿದಳು. ಒಂದೊಂದೇ ಹೆಜ್ಜೆ, ಒಂದೊಂದು ಹೆಜ್ಜೆಗೂ ಒಂದು ನಿಲುಗಡೆ. ಇಪ್ಪತ್ತೆರಡು ಮುಗಿಯುವಷ್ಟರಲ್ಲಿ ಭಟ್ಟಿಯವನೂ ಬಂದು ಕೆಳಗೆ ಬಾಯಿ ತೆರೆದು ನಿಂತಿದ್ದ.

ಮೇಲೆ ಕಿಟಕಿಯ ಪಕ್ಕ ಒಂದು ಖಾಲಿ ಮೇಜು ಹಾಕಿದ್ದರು. ಹೊಸ ಮರ, ಇನ್ನೂ ಬಣ್ಣವಿಲ್ಲ. ಅಲ್ಲಿಯೇ ಕೂತು ಮುನ್ನೂರರಲ್ಲಿ ಉಳಿದದ್ದನ್ನೆಲ್ಲ ತಟ್ಟಿದಳು. ಪ್ರತಿಯೊಂದಕ್ಕೂ ಬಾಲದವರೆಗೆ ಕಾದಳು. ನೂರ ಹನ್ನೆರಡು ಎಡಕ್ಕೆ ಹೋದವು. ಸಂಜೆ ಬೆಳಕು ಬಟ್ಟಲುಗಳ ಅಂಚಿನಿಂದ ಜಾರುವ ಹೊತ್ತಿಗೆ ಕೆಲಸ ಮುಗಿಯಿತು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಪಕ್ಕಕ್ಕೆ ತಿರುಗಿ, ಮಗು ಇಳಿಯುವಂತೆ ಇಳಿದಳು. ಕೆಳಗೆ ಮೇಸ್ತ್ರಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು.

"ಹಾಗಾದ್ರೆ ಮುಂದಿನ ವಾರಕ್ಕೆ ಏನು ಬರೀಲಿ ಅಕ್ಕ? ಮೇಲೋ, ಲೇಬಲ್ಲೋ?"

ಮಂಡಿ ಸಿಡಿಯುತ್ತಿತ್ತು. ಮೈ ಹಗುರವಾಗಿರಲಿಲ್ಲ, ಆದರೆ ಭಾರವಾಗಿದೆ ಎಂದೂ ಹೇಳಲು ಬಾಯಿ ಬರಲಿಲ್ಲ. ಇವತ್ತಿನ ಹಾಳೆಯಲ್ಲಿ ಏಳು ಜನರಲ್ಲಿ ಯಾರಿಗೆ ಗುರುತು ಹಾಕುವುದು? ಯೋಚಿಸುತ್ತ ಅಭ್ಯಾಸಬಲದಿಂದ ಬಲಗೈಯ ಬೆರಳು ಮಡಚಿದಳು. ಕೈ ಖಾಲಿ. ಕೋಲು ಮೇಲೆ, ಹೊಸ ಮೇಜಿನ ಮೇಲೆಯೇ ಉಳಿದಿತ್ತು. ಮರೆತು ಬಂದಳೋ, ಬಿಟ್ಟು ಬಂದಳೋ, ಅವಳಿಗೇ ತಿಳಿಯಲಿಲ್ಲ.

"ತಡೀರಿ, ಯಾರನ್ನಾದ್ರೂ ಕಳಿಸಿ ತರಿಸ್ತೀನಿ," ಎಂದರು ಮೇಸ್ತ್ರಿ.

"ಬೇಡಿ," ಎಂದಳು ಕಿವಿಯಕ್ಕ. "ಅಲ್ಲೇ ಇರಲಿ. ನಾಳೆ ಅಲ್ಲೇ ಬೇಕಾಗುತ್ತೆ."